ಮೂಲ ಹುಡುಕುವವರು

"ಯಾವೂರು ನಿಮ್ದು? ಯಾರ ಪೈಕಿ?" ಎಂದು ಯಾರಾದರೂ ಕೇಳಿದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ನಮ್ಮ ಕಡೆ ಇದು ನಮಸ್ಕಾರದಷ್ಟೇ ಮಾಮೂಲಿ ಪ್ರಶ್ನೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಮದುವೆ ಊಟದ ಸಾಲಿನಲ್ಲಿ ಸಿಕ್ಕವರು, ಆಸ್ಪತ್ರೆಯ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟವರು, ಎಲ್ಲರೂ ಮೊದಲು ಕೇಳುವುದು ಅದನ್ನೇ. ಬೇರೆ ಹೆಂಗಸರು ಊರು, ಮನೆತನ, ಸೋದರಮಾವನ ಅಂಗಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಎದುರಿನವರ ಜೊತೆ ಒಂದು ನೆಂಟಸ್ತನವನ್ನೂ ಕಂಡುಹಿಡಿದು ಮುಗಿಸುತ್ತಿದ್ದರು. ಅವ್ವ ಮಾತ್ರ "ಇಲ್ಲೇ, ದಾವಣಗೆರೆ" ಎಂದು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿಬಿಡುವಳು.

ಅವ್ವ ಸಾಕಿದ ಮಗಳು. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ದುಡಿಯುತ್ತಿದ್ದ, ಮಕ್ಕಳಿಲ್ಲದ ಗಂಡಹೆಂಡಿರು ಅವಳನ್ನು ಕೂಸಿದ್ದಾಗಲೇ ತೆಗೆದುಕೊಂಡು ಬೆಳೆಸಿದ್ದರು. ಅದು ಅವಳಿಗೆ ಗೊತ್ತಾದದ್ದು ನಲ್ಲಿಯ ಹತ್ತಿರ. ಕೊಡದ ಸರದಿಯ ಜಗಳದಲ್ಲಿ ಯಾರೋ "ತಂದು ಸಾಕಿದ ಕೂಸಿಗೆ ಇಷ್ಟು ಜೋರು ನೋಡ್ರಿ" ಎಂದುಬಿಟ್ಟರಂತೆ. ಅವ್ವ ಖಾಲಿ ಕೊಡ ಹಿಡಿದುಕೊಂಡು ಮನೆಗೆ ಬಂದು ಕೇಳಿದಳು. ಸಾಕಿದ ಅಜ್ಜಿ ಮುಚ್ಚಿಡುವ ಪೈಕಿಯಲ್ಲ. "ಮಾಯಕೊಂಡದ ಕಡೆಯಿಂದ ಒಬ್ಬಾಕಿ ರೈಲಿನಾಗೆ ತಂದು ಕೊಟ್ಲು. ಮೂಲಾ ನಕ್ಷತ್ರದಾಗೆ ಹುಟ್ಟಿದ ಕೂಸು, ಅಪ್ಪಂಗೆ ಆಗಿಬರಲ್ಲ ಅಂದ್ರಂತೆ. ನಂಗೆ ಆಗಿಬಂದಿ" ಎಂದಳು. ತಂದುಕೊಟ್ಟವಳು ಹೆತ್ತವಳೇ ಅಥವಾ ಬೇರೆ ಯಾರಾದರೂ ಇರಬಹುದೇ ಎಂಬುದು ಅಜ್ಜಿಗೂ ಗೊತ್ತಿರಲಿಲ್ಲ. ಅವ್ವನ ಹುಟ್ಟಿನ ಬಗ್ಗೆ ನಮ್ಮ ಮನೆಯಲ್ಲಿದ್ದ ಸುದ್ದಿ ಇಷ್ಟೇ: ಒಂದು ಊರಿನ ಹೆಸರು, ಒಂದು ರೈಲು, ಒಂದು ನಕ್ಷತ್ರ.

ಅವ್ವ ತೀರಿಕೊಂಡು ಈ ಬೇಸಿಗೆಗೆ ವರ್ಷವಾಗುತ್ತದೆ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಕಾಲೇಜಿನಿಂದ ಬಂದು ಸರಸ್ವತಿ ನಗರದ ಮನೆಯ ಬೀಗ ತೆಗೆಯುವಾಗ ಒಳಗಿಂದ "ಬಂದ್ಯಾ?" ಎನ್ನುವ ದನಿ ಬರುವುದಿಲ್ಲ ಎಂಬುದಕ್ಕೆ ನನಗೆ ದಿನವೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತ ಹೇಳಿಕೊಡುತ್ತ ಅದಕ್ಕೆ ಒಳ್ಳೆಯ ಸಾಣೆಯೂ ಸಿಕ್ಕಿದೆ.

ಪ್ರಾಚೀನ ಡಿಎನ್‌ಎ ವಿಷಯ ನನಗೆ ಹತ್ತಿದ ಹುಚ್ಚು. ಹಿಮ ಅಂದರೆ ನಾನು ಕಂಡದ್ದು ಫ್ರಿಜ್ಜಿನ ಮೇಲ್ಗೂಡಿನಲ್ಲಿ ಕಟ್ಟಿಕೊಳ್ಳುವುದಷ್ಟೇ. ಆದರೂ ಸೈಬೀರಿಯ, ಅಲಾಸ್ಕ, ಗ್ರೀನ್‌ಲ್ಯಾಂಡ್ ಎಂದು ಓದುತ್ತ ಕೂತರೆ ಕುಕ್ಕರ್ ಕೂಗಿದ್ದೂ ಕೇಳುತ್ತಿರಲಿಲ್ಲ. ಸಾವಿರಾರು ವರ್ಷದ ಹಿಂದೆ ಸತ್ತವರ ಹಲ್ಲು, ಕಿವಿಯೊಳಗಿನ ಗಟ್ಟಿ ಮೂಳೆ, ಕೂದಲು ಇಷ್ಟರಿಂದ, ಅವರ ಹಿಂದಿನವರು ಎಲ್ಲಿಂದ ನಡೆದು ಬಂದರು ಎಂದು ಹೇಳುತ್ತಾರಲ್ಲ, ಅದು ನನಗೆ ಇವತ್ತಿಗೂ ಪವಾಡದ ಹಾಗೆಯೇ ಕಾಣುತ್ತದೆ. ಪವಾಡ ಅಂದರೆ ಮೂಗು ಮುರಿಯುವ ನಾನೇ ಹೀಗೆ ಹೇಳುತ್ತಿದ್ದೇನೆ. ಅವ್ವ ಇನ್ನೂ ಇದ್ದಾಗ, ಈ ಹುಚ್ಚು ಗೊತ್ತಿದ್ದ ಗೆಳತಿಯೊಬ್ಬಳು ಹರಿಹರದಲ್ಲಿ, ಹೊಳೆಯ ದಂಡೆಗೆ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ, ನನ್ನ ಉಪನ್ಯಾಸ ಇಟ್ಟಳು. ನಾನು ಕೊಟ್ಟ ಶೀರ್ಷಿಕೆ 'ಧ್ರುವಪ್ರದೇಶದ ಜನರ ಮೂಲ: ಪ್ರಾಚೀನ ಡಿಎನ್‌ಎ ಹೇಳುವ ಕಥೆ'. ಬಾಗಿಲ ಹತ್ತಿರದ ಕರಿಹಲಗೆಯ ಮೇಲೆ ಅಷ್ಟು ಬರೆಯಲು ಜಾಗ ಸಾಲಲಿಲ್ಲವೋ, ಬರೆದವರಿಗೆ ತಾಳ್ಮೆ ಸಾಲಲಿಲ್ಲವೋ ಕಾಣೆ. ನಾವು ಹೋಗಿ ನೋಡಿದಾಗ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಮೂಲದ ಬಗ್ಗೆ ಉಪನ್ಯಾಸ. ಪ್ರವೇಶ ಉಚಿತ.'

ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಮೊದಲ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸಭಾಂಗಣ ಹೆಚ್ಚುಕಡಿಮೆ ತುಂಬಿತ್ತು. ನನ್ನ ವಿಷಯಕ್ಕೆ ಇಷ್ಟು ಜನವೇ ಎಂದು ಒಳಗೊಳಗೇ ಉಬ್ಬಿಹೋದೆ. ಹಿಂದಿನ ಸಾಲಿನ ಕೆಲವು ಗಂಡಸರು ಕುರ್ಚಿ ಖಾಲಿ ಇದ್ದರೂ ನಿಂತೇ ಇದ್ದರು. ಅದನ್ನು ನಾನು ಕುತೂಹಲ ಎಂದು ತಿಳಿದೆ.

ಮಾತು ಚೆನ್ನಾಗಿಯೇ ಬಂತು. ಡಿಎನ್‌ಎ ಅಂದರೆ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದದ ಬರಹ, ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬರುತ್ತದೆ, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ, ಅದೇ ತಪ್ಪುಗಳು ಇಬ್ಬರಲ್ಲೂ ಸಿಕ್ಕರೆ ಇಬ್ಬರಿಗೂ ಹಿಂದೆ ಎಲ್ಲೋ ಒಬ್ಬಳೇ ಅಜ್ಜಿ ಎಂದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನಾನು ಹಿಡಿಯುವುದೂ ಹೀಗೆಯೇ ಎಂದಾಗ ಜನ ನಕ್ಕರು. ಆಮೇಲೆ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ನೆಲದಲ್ಲಿ ಸಿಕ್ಕ ಒಂದು ಕೂದಲ ಗೊಂಚಲಿನ ಕಥೆ ಹೇಳಿದೆ. ಆ ಕೂದಲಿನವನು ಸತ್ತು ಸುಮಾರು ನಾಲ್ಕು ಸಾವಿರ ವರ್ಷ. ಅಷ್ಟರಿಂದಲೇ ಅವನದು ಕಂದುಗಣ್ಣು, ದಟ್ಟ ಕಪ್ಪು ಕೂದಲು, ಆದರೂ ಮುಂದೆ ತಲೆ ಬೋಳಾಗುವ ಸಂಭವ ಇತ್ತು, ಕಿವಿಯ ಗುಗ್ಗೆ ಒಣಗಿದ ಬಗೆಯದು ಎಂದೆಲ್ಲ ತಿಳಿದರು. ಅವನ ಹಿಂದಿನವರು ಸೈಬೀರಿಯದ ಕಡೆಯಿಂದ ಬಂದವರು. ಮರ ಬೆಳೆಯದ, ಉರಿಸಲು ಸೌದೆ ಸಿಗದ ನೆಲದಲ್ಲಿ ಆ ಜನ ತಲೆತಲೆಮಾರು ಬಾಳಿದರು. ಆಮೇಲೆ ಇಲ್ಲವಾದರು. ಇವತ್ತು ಅಲ್ಲಿರುವವರು ಬಹಳ ತಡವಾಗಿ ಬಂದ ಬೇರೆ ಜನ. "ಅವನನ್ನು ನಮ್ಮ ಅಜ್ಜ ಅನ್ನುವವರು ಆ ನೆಲದಲ್ಲಿ ಇವತ್ತು ಯಾರೂ ಇಲ್ಲ" ಎಂದೆ. ಅವ್ವ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ವೇದಿಕೆಯ ಮೇಲಿನಿಂದ ಕಾಣಿಸಿತು.

ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಹಿಂದೆ ನಿಂತಿದ್ದವರಲ್ಲಿ ಒಬ್ಬರು ಕೈ ಎತ್ತಿದರು. ಗುತ್ತೂರಿನವರು, ಅಲ್ಲಿಯ ಯಾವುದೋ ಕಾರ್ಖಾನೆಯ ಕೆಲಸದ ಬಟ್ಟೆಯಲ್ಲೇ ಬಂದಿದ್ದರು.

"ಮೇಡಂ, ಎಲ್ಲಾ ಕೇಳಿದ್ವಿ. ಈಗ ಖಾರ ಪೂರ್ತಿ ಬಿಡಬೇಕೇನ್ರಿ?"

ನನಗೆ ತಲೆಬುಡ ಗೊತ್ತಾಗಲಿಲ್ಲ. "ಯಾವ ಖಾರ?" ಎಂದೆ.

"ಅದೇರಿ, ಮೂಲಕ್ಕೆ. ನಂದು ಹಳೇದು. ಹಿಮದ ವಿಷಯ ಹೇಳಿದ್ರಲ್ಲ, ಐಸಿನ ಮ್ಯಾಲೆ ಕೂತ್ರೆ ಕಡಿಮಿ ಆಗುತ್ತೇನ್ರಿ?"

ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ಮೂಲವ್ಯಾಧಿಗೆ ನಮ್ಮ ಜನ ಹೇಳುವುದು ಮೂಲ ಎಂದೇ. ನಿಂತೇ ಇದ್ದ ಗಂಡಸರೆಲ್ಲ ಯಾಕೆ ನಿಂತಿದ್ದರು ಎಂಬುದು ಆಗ ತಿಳಿಯಿತು. ಪಾಪ, ಸೈಬೀರಿಯದಿಂದ ಗ್ರೀನ್‌ಲ್ಯಾಂಡಿನವರೆಗೆ ಅಷ್ಟು ನೋವು ಇಟ್ಟುಕೊಂಡೇ ನನ್ನ ಜೊತೆ ನಡೆದಿದ್ದರು. ನೀರು ಜಾಸ್ತಿ ಕುಡಿಯಿರಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕೈಮುಗಿದೆ. ಆಮೇಲೆ ಎಷ್ಟೋ ಕಾಲ ಗೆಳತಿ ನನ್ನನ್ನು ಕರೆಯುತ್ತಿದ್ದದ್ದು 'ಮೂಲದ ಡಾಕ್ಟ್ರು' ಎಂದೇ.

ವಾಪಸು ಬರುವ ಬಸ್ಸಿನಲ್ಲಿ ಇದನ್ನೇ ಹೇಳಿ ಹೇಳಿ ನಕ್ಕೆ. ಅವ್ವ ನಗಲಿಲ್ಲ. ಕಿಟಕಿಯಾಚೆ ಸಂಜೆಯ ಬೆಳಕಲ್ಲಿ ಭತ್ತದ ಗದ್ದೆ ಓಡುತ್ತಿತ್ತು.

"ಆ ಕೂದಲಿನವನ್ನ ಯಾಕ ಹುಡುಕಿದ್ರು?" ಎಂದಳು.

ನನಗೆ ಪಾಠ ಮಾಡುವ ಚಟ. ಮಾನವ ಜನಾಂಗ, ವಲಸೆ, ಹವಾಮಾನ ಎಂದು ಶುರು ಮಾಡಿದೆ. ಅವಳು ಅರ್ಧಕ್ಕೆ ತಡೆದಳು.

"ಅದಲ್ಲ. ಅವರಿಗೆ ಅವನು ಏನೂ ಆಗಬೇಕಿಲ್ಲ. ಸತ್ತು ನಾಕು ಸಾವಿರ ವರ್ಷ ಆಗೈತೆ. ಆದ್ರೂ ಅವನ್ನ ಹುಡುಕ್ಕೊಂಡು ಬಂದಾರಲ್ಲ."

ಅವಳ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಇದನ್ನು ಮೆತ್ತಗೆ ಬರೆಯಬಹುದಿತ್ತು, ಆದರೆ ಅದು ಹೊಟ್ಟೆಕಿಚ್ಚೇ. ಹಿಮದಲ್ಲಿ ಹೂತುಹೋದ, ಹೆಸರೂ ಇಲ್ಲದ ಒಬ್ಬನ ಮೇಲೆ ನಮ್ಮವ್ವ ಹೊಟ್ಟೆಕಿಚ್ಚು ಪಟ್ಟಳು.

ಅವಳಿಗೆ ತನ್ನ ಮೂಲ ಬೇಕಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಈಗ ಮನೆಗೇ ತರಿಸಿಕೊಂಡು ಮಾಡುವ ಪರೀಕ್ಷೆಗಳಿವೆ. ಒಂದು ನಳಿಕೆಗೆ ಉಗುಳಿ, ಮುಚ್ಚಳ ಬಿಗಿದು ಕಳಿಸಿದರೆ ಸಾಕು. ತರಿಸಿದೆ. ಡಬ್ಬಿ ಬಿಚ್ಚಿ ನಳಿಕೆ ಕೈಗೆ ಕೊಟ್ಟೆ. ಅವಳು ಅದನ್ನು ಮೇಲೆ ಕೆಳಗೆ ನೋಡಿದಳು.

"ಇದರಾಗೆ ಉಗುಳಬೇಕಾ?"

"ಹೂಂ."

"ಎಂಜಲಾ? ಎಂಜಲನ್ನ ಡಬ್ಬಿಗೆ ಹಾಕಿ ಕೊರಿಯರ್‌ನೋರ ಕೈಗೆ ಕೊಡ್ತೀಯ? ಅವರೂ ಉಣ್ಣೋ ಕೈಯಾಗೇ ಮುಟ್ಟಬೇಕಲ್ಲೇ! ಬ್ಯಾಡ."

ಜೀವಮಾನವಿಡೀ ಯಾರ ತಟ್ಟೆಗೂ ಎಂಜಲ ಕೈ ತಾಕಿಸದ ಹೆಂಗಸು. ನಾನು ಚಿಕ್ಕವಳಿದ್ದಾಗ ಕಚ್ಚಿ ಕೊಟ್ಟ ಪೇರಲಹಣ್ಣನ್ನು ಮಾತ್ರ ತಿನ್ನುತ್ತಿದ್ದಳು, ಮಕ್ಕಳ ಎಂಜಲು ಎಂಜಲಲ್ಲ ಎಂದು. ಹೊರಗಿನವರಿಗೆ ತನ್ನ ಎಂಜಲು ಕಳಿಸುವುದು ಅವಳ ಪಾಲಿಗೆ ಬೈಗುಳ ಕಳಿಸಿದ ಹಾಗೆ. ಎರಡು ದಿನ ಗೋಗರೆದೆ. ಮೂರನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು. ಹೋಗಲಿ, ನಾನೇ ಉಗುಳುತ್ತೇನೆ ಎಂದೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಒಂದು ಭಾಗ ಡಿಎನ್‌ಎಯಲ್ಲಿದೆ, ನಿನ್ನ ತಾಯಿಯದು ನಿನಗೆ ಬಂದಿದೆ, ನಿನ್ನದು ನನಗೆ, ಆದ್ದರಿಂದ ನನ್ನದನ್ನು ಓದಿದರೂ ಅದೇ ದಾರಿ ಸಿಗುತ್ತದೆ ಎಂದು ವಿವರಿಸಿದೆ.

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಅದರಾಗೆ ಆಕಿ ಹೆಸರು ಬರುತ್ತಾ?"

"ಇಲ್ಲ. ಸಾವಿರಾರು ವರ್ಷದ ಹಿಂದೆ ನಿಮ್ಮ ತಾಯಿ ಕಡೆಯವರು ಯಾವ ದಿಕ್ಕಿನಲ್ಲಿದ್ದರು ಅಂತ ಬರುತ್ತೆ."

"ದಿಕ್ಕು ತಗೊಂಡು ಏನ್ ಮಾಡ್ಲಿ?"

ಸರಿಯಾದ ಮಾತೇ. ಸೈಬೀರಿಯದಿಂದ ಗ್ರೀನ್‌ಲ್ಯಾಂಡಿಗೆ ಹೋದ ದಾರಿಯನ್ನು ಗುರುತು ಹಚ್ಚುವ ವಿದ್ಯೆಗೆ ಮಾಯಕೊಂಡದಿಂದ ದಾವಣಗೆರೆಗೆ ಬಂದ ದಾರಿ ಗೊತ್ತಾಗುವುದಿಲ್ಲ. ಅವಳ ಕಡೆಯ ನೆಂಟರು ಯಾರಾದರೂ ಇದೇ ಪರೀಕ್ಷೆ ಮಾಡಿಸಿಕೊಂಡಿದ್ದರೆ ಹೊಂದಾಣಿಕೆ ಕಾಣಬಹುದು, ಆದರೆ ಆ ಕಡೆಯ ಯಾರು ನಳಿಕೆಗೆ ಉಗುಳಲು ಕೂತಿದ್ದಾರೆ? ಇನ್ನು ಹಳೆಯ ಮೂಳೆಯ ಮಾತು ಎತ್ತುವ ಹಾಗೇ ಇಲ್ಲ. ಚಳಿಯ ನೆಲ ಸತ್ತವರ ಗುರುತನ್ನು ಕಾಪಾಡಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ಅದು ಬೇಗ ಹಾಳಾಗುತ್ತದೆ. ಇದನ್ನು ಹೇಳಿದಾಗ ಅವ್ವ, "ಹಂಗಾರೆ ನಮ್ಮ ಕಡೆ ಹುಟ್ಟಿದ್ದೇ ತಪ್ಪಾತು" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ಮತ್ತೆ ನಿನಗೆ ಬೇಕಾದ್ದಾದರೂ ಏನು?" ಎಂದು ರೇಗಿದೆ.

ಅವಳು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಬಿಡಿಸಿ ಮುಗಿಸಿದಳು. ಆಮೇಲೆ, ಅಂಗಡಿಯಿಂದ ಏನಾದರೂ ತಾ ಎಂದು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. "ಕೊಟ್ಟ ಮ್ಯಾಲೆ ಒಂದಿನ ಆದ್ರೂ ನನ್ನ ಹುಡುಕ್ಕೊಂಡು ಬಂದಿದ್ಲಾ ಅಂತ. ಸ್ಟೇಷನ್ ತನಕ ಆದ್ರೂ ಬಂದು ವಾಪಸ್ ಹೋದ್ಲಾ ಅಂತ. ಅದನ್ನ ಹೇಳೋ ಟೆಸ್ಟ್ ಐತಾ?"

ಇಲ್ಲ ಎಂದೆ. ಜೀವಶಾಸ್ತ್ರದಲ್ಲಿ ನಾನು ಕೊಟ್ಟ ಅತ್ಯಂತ ಕಷ್ಟದ ಉತ್ತರ ಅದೇ.

ಆವತ್ತಿನಿಂದ ಅವಳ ಆಸೆ ನನಗೂ ಅಂಟಿತು. ಮಿಲ್ಲಿನ ಕಡೆಯ, ಅವ್ವ ಬೆಳೆದ ಹಳೇ ಓಣಿಯ ಬಾಗಿಲುಗಳ ಮುಂದೆ ಯಾವಳೋ ಒಬ್ಬಳು ನಿಂತು, ಒಳಗೆ ಅಳುವ ಕೂಸಿನ ದನಿಗೆ ಕಿವಿಗೊಟ್ಟು, ಬಾಗಿಲು ತಟ್ಟದೆ ಹೊರಟುಹೋದದ್ದನ್ನು ಸ್ಕೂಟರ್ ಓಡಿಸುವಾಗಲೂ ಕಣ್ಣೆದುರು ತಂದುಕೊಳ್ಳುತ್ತಿದ್ದೆ. ಬಂದಿರಲಿ, ಬಂದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡಿಕೊಳ್ಳುತ್ತಿದ್ದೆನೋ, ದೇವರನ್ನಂತೂ ನಂಬುವವಳಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವ್ವ ಒಗೆದಿಟ್ಟ ಒಳ್ಳೆ ಸೀರೆ ಉಟ್ಟು ನಿಂತಿದ್ದಳು. "ಮಾಯಕೊಂಡಕ್ಕೆ ಹೋಗಾಣ" ಎಂದಳು. ಅಲ್ಲಿ ಯಾರನ್ನು ಕೇಳುವುದು, ಏನೆಂದು ಕೇಳುವುದು, ಹೆಸರಿಲ್ಲ ಮನೆತನವಿಲ್ಲ ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಅವಳು ಚಪ್ಪಲಿ ಮೆಟ್ಟಿಕೊಂಡಳು. ಅಷ್ಟು ವರ್ಷ ಬದುಕಿದ್ದು ಒಂದು ಗಂಟೆಯೂ ಹಿಡಿಯದ ದೂರದಲ್ಲಿ, ಆದರೂ ಅವಳು ಆ ಊರಿಗೆ ಒಮ್ಮೆಯೂ ಹೋಗಿರಲಿಲ್ಲ. ಮದುವೆ, ಗೃಹಪ್ರವೇಶ ಎಂದು ಯಾರಾದರೂ ಅಲ್ಲಿಗೆ ಕರೆದರೆ ಅವಳಿಗೆ ತಲೆನೋವು ಬರುತ್ತಿತ್ತು.

ಪ್ಯಾಸೆಂಜರ್ ರೈಲಿನಲ್ಲೇ ಹೋದೆವು. ಬಸ್ಸು ಬೇಡವೇ ಬೇಡ ಎಂದಳು. ದಾರಿಯುದ್ದಕ್ಕೂ ಮಡಿಲಲ್ಲಿ ಎರಡೂ ಕೈ ಜೋಡಿಸಿಟ್ಟುಕೊಂಡು ಕೂತಿದ್ದಳು, ಏನನ್ನೋ ಬೀಳದ ಹಾಗೆ ಹಿಡಿದವಳಂತೆ.

ಇಳಿದು ಊರೊಳಗೆ ನಡೆದೆವು. ಸುಗ್ಗಿಯ ಕಾಲ, ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಅವ್ವ ಪ್ರತಿಯೊಂದು ಮನೆಯ ಮುಂದೂ ನಿಧಾನ ಮಾಡುತ್ತಿದ್ದಳು. ಕಟ್ಟೆಯ ಮೇಲೆ ಕೂತ ಮುದುಕಿಯರ ಮುಖವನ್ನು, ಅವರಿಗೆ ಮುಜುಗರವಾಗುವಷ್ಟು ಹೊತ್ತು, ನೋಡುತ್ತಿದ್ದಳು. ಅವರಲ್ಲಿ ಬಹಳಷ್ಟು ಜನ ಅವಳಿಗಿಂತ ಚಿಕ್ಕವರು. ಅವಳ ತಾಯಿಯ ವಯಸ್ಸಿನವರು ಯಾವ ಕಟ್ಟೆಯ ಮೇಲೂ ಉಳಿದಿರಲಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಜೋಳವನ್ನು ಕಾಲಿನಿಂದ ಕೆದರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಿಂತಳು. "ಯಾರನ್ನ ಹುಡುಕ್ತಿದೀರ್ರಿ?"

ಊರು ನೋಡಲು ಬಂದೆವು ಎಂದು ಏನಾದರೂ ಹೇಳಿ ದಾಟಿಕೊಳ್ಳೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಹೇಳಿಬಿಟ್ಟಳು.

"ನಮ್ಮವ್ವನ್ನ."

ಹೆಂಗಸು ಅವ್ವನ ಬೆಳ್ಳಗಿನ ತಲೆ ನೋಡಿದಳು, ಸುಕ್ಕಾದ ಕೈ ನೋಡಿದಳು. "ಅಯ್ಯ ಶಿವನೇ! ನಿಮಗೇ ಇಷ್ಟು ವಯಸ್ಸಾಗೈತೆ, ಇನ್ನ ಅವರಿಗೆಷ್ಟು ಆಗಿರಬೇಕು! ಯಾವಾಗಿಂದ ಕಾಣ್ತಿಲ್ರಿ?"

"ಭಾಳ ಹೊತ್ತಾತು" ಎಂದಳು ಅವ್ವ.

ಆ ಹೆಂಗಸು ಹಿಂದೆಮುಂದೆ ನೋಡಲಿಲ್ಲ. "ಏ, ಬರ್ರಿ ಇಲ್ಲಿ! ಒಬ್ರು ಅಜ್ಜಿ ತಪ್ಪಿಸ್ಕೊಂಡಾರಂತೆ!" ಎಂದು ಕೂಗಿದಳು. ಪಕ್ಕದ ಮನೆಯಿಂದ ಇಬ್ಬರು ಬಂದರು. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಬಂದರು. ನೆರಳಿನಲ್ಲಿ ಕೂತು ಕುರ್ಚಿಗೆ ಪ್ಲಾಸ್ಟಿಕ್ ದಾರ ಹೆಣೆಯುತ್ತಿದ್ದ ಒಬ್ಬ ಸಾಬರು, "ವಯಸ್ಸಾದೋರಿಗೆ ದಿಕ್ಕು ತಪ್ಪುತ್ತೆ, ನಮ್ಮ ಅಮ್ಮೀನೂ ಹಿಂಗೇ ಹೋಗ್ಬಿಟ್ಟಿದ್ರು" ಎಂದು ಎದ್ದು ಕೆರೆಯ ಕಡೆ ನೋಡಿಬರುತ್ತೇನೆ ಎಂದರು. ಯಾರೋ ಸ್ಟೇಷನ್ನಿನ ಕಡೆ ಬೈಕ್ ತಿರುಗಿಸಿದರು. ಯಾರೋ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ತಂದುಕೊಟ್ಟರು. "ಹೆದರಬ್ಯಾಡ್ರಿ, ಸಿಗ್ತಾರೆ. ನಮ್ಮೂರಾಗೆ ತಪ್ಪಿಸ್ಕೊಂಡೋರು ಎಲ್ಲಿಗ್ ಹೋಗ್ತಾರೆ?"

ಅವ್ವನ ಕಿವಿಯ ಹತ್ತಿರ ಬಗ್ಗಿ, "ಏನವ್ವ ಇದು, ಪಾಪ ಅವರೆಲ್ಲ ಕೆಲಸ ಬಿಟ್ಟು ಓಡಾಡ್ತಿದಾರೆ, ನಾನು ನಿಜ ಹೇಳಿಬಿಡ್ತೀನಿ" ಎಂದೆ.

ಅವ್ವ ನನ್ನ ಮಣಿಕಟ್ಟು ಹಿಡಿದಳು. ನೀರು ಕುಡಿದ ಬಾಯಿ ಒದ್ದೆಯಾಗಿತ್ತು, ಕಣ್ಣೂ ಒದ್ದೆಯಾಗಿತ್ತು.

"ಸುಮ್ನಿರು. ಆಮ್ಯಾಲೆ ನಾನೇ ಹೇಳ್ತೀನಿ. ಕೂಸು ಕೊಟ್ಟು ಬರಿಗೈಯಾಗೆ ಬಂದ್ಲು, ಆಕಿನ್ನ ಯಾರು ಹುಡುಕಿದ್ರು? ಒಂದೀಟು ಹುಡುಕ್ಲಿ ಬಿಡು."

ಹಾಗಾಗಿ ನಾನು ಸುಮ್ಮನೆ ನಿಂತೆ. ಓಣಿಯಲ್ಲಿ "ಅಜ್ಜೀ, ಅಜ್ಜೀ" ಎಂದು ಕೂಗುವುದು ಕೇಳುತ್ತಿತ್ತು. ಒಂದು ಹಿತ್ತಲ ಬಾಗಿಲು ತೆರೆದು ನೋಡಿ ಮುಚ್ಚಿದರು. ಅವ್ವ ಒಂದೊಂದು ಕೂಗಿಗೂ ತಲೆ ಎತ್ತಿ ಆ ಕಡೆಗೇ ನೋಡುತ್ತಿದ್ದಳು, ಯಾರಾದರೂ ಓಗೊಟ್ಟಾರೇನೋ ಎಂದು. ನಾನೂ ನೋಡಿದೆ. ಸುಳ್ಳು ಹೇಳಲಾರೆ, ನಾನೂ ನೋಡಿದೆ.

ಬೈಕಿನವರು ಬರಿಗೈಯಲ್ಲಿ ವಾಪಸಾದರು. "ಸ್ಟೇಷನ್ನಾಗೆ ಇಲ್ರಿ. ಹೊಲದ ಕಡೆ ಹೋಗಿ ನೋಡ್ತೀವಿ. ಗುರುತು ಹೇಳ್ರಿ. ನೋಡಾಕೆ ಹೆಂಗದಾರೆ?"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ತನ್ನ ಮುಂದಕ್ಕೆ ಎಳೆದುಕೊಂಡು, ಮುಖ ಅವರ ಕಡೆ ತಿರುಗಿಸಿದಳು.

"ಈಕಿ ಇದ್ದಂಗೇ ಅದಾಳೆ ನೋಡ್ರಿ" ಎಂದಳು.

ಅವರೆಲ್ಲ ನನ್ನ ಮುಖವನ್ನು ಸರಿಯಾಗಿ ನೋಡಿಕೊಂಡು ಹುಡುಕಲು ಹೋದರು.